ಖಂಡೇನವಮಿಗೆ ಎಚ್ಚರವಾದ ದೋಣಿ

ಹೆಂಡತಿಯ ಮುಂದೆ ಒಂದು ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಮದುವೆಯಾದವರಿಗೆ ನಾನು ಹೇಳಬೇಕಾಗಿಲ್ಲ. ನಾನು ಅಂಥದ್ದೊಂದನ್ನು ಹದಿನೈದು ವರ್ಷ ಸಾಕಿ ಸಲಹಿದವನು. ಹೆಣ್ಣು ನೋಡಲು ಹುಬ್ಬಳ್ಳಿಗೆ ಹೋದ ದಿನ, ಉಪ್ಪಿಟ್ಟು ಖಾಲಿಯಾಗಿ ಮಾತೂ ಖಾಲಿಯಾದಾಗ, ನಿವೇದಿತಾ ತಲೆಯೆತ್ತಿ “ನಿಮಗ ಏನರ ಹವ್ಯಾಸ ಅದ ಏನ್ರೀ?” ಎಂದು ಕೇಳಿದಳು. ಮಂಡ್ಯದವನು ನಾನು. ಬಾಯಿ ಸುಮ್ಮನಿರಲಿಲ್ಲ. “ಈಜು. ನಾಲೇಲೇ ಬೆಳೆದೋನು. ದಿನಾ ಈ ದಡದಿಂದ ಆ ದಡಕ್ಕೆ ಹೋಗಿ ಬರ್ತಿದ್ದೆ” ಎಂದುಬಿಟ್ಟೆ. (ಹೋಗಿ ಬರುತ್ತಿದ್ದುದು ನಿಜ. ಸೇತುವೆಯ ಮೇಲೆ.)

ಆ ಸುಳ್ಳು ನಮ್ಮ ಜೊತೆಗೇ ವೀಸಾ ಪಡೆದು ಅಮೆರಿಕಕ್ಕೆ ಬಂತು. ಪಶ್ಚಿಮ ಕರಾವಳಿಯಲ್ಲಿ, ಕೊಲ್ಲಿಯ ಪಕ್ಕದ ನೆವಾರ್ಕಿನಲ್ಲಿ ಮನೆ ಮಾಡಿದೆವು. ನಾನು ಇಲ್ಲೇ ಕರೆಂಟಿನ ಕಾರು ತಯಾರಿಸುವ ಕಂಪನಿಯೊಂದರಲ್ಲಿ, ಕಾರಿನ ಬಾಗಿಲ ಹಿಡಿಕೆ ಯಾವಾಗ ಹೊರಗೆ ಬರಬೇಕು, ಯಾವಾಗ ಒಳಗೆ ಹೋಗಬೇಕು ಎಂದು ನಿರ್ಧರಿಸುವ ಸಾಫ್ಟ್‌ವೇರ್ ಬರೆಯುತ್ತೇನೆ. ನಿವೇದಿತಾಗೆ ಲಾಸ್ ಗ್ಯಾಟೋಸಿನಲ್ಲಿ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುವ ಉದ್ಯೋಗ. (ಮನೆಯಲ್ಲಿಯೂ ಅದೇ ಉದ್ಯೋಗ, ಸಂಬಳವಿಲ್ಲ.) ಮಗಳು ನಿಸರ್ಗಾಗೆ ಹನ್ನೆರಡು ವರ್ಷ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಎಲ್ಲ ಚೆನ್ನಾಗಿಯೇ ಇತ್ತು, ಹೋದ ವರ್ಷ ನನ್ನ ಸಹೋದ್ಯೋಗಿ ಜಗನ್ ಟೆಕ್ಸಾಸಿಗೆ ಹೊರಟು ನಿಲ್ಲುವ ತನಕ. ಅವನ ಬಳಿ ಹಿಂಬದಿಗೆ ಎಂಜಿನ್ ತೂಗುಹಾಕಿದ ಒಂದು ಪುಟ್ಟ ದೋಣಿಯಿತ್ತು. ಬೀಳ್ಕೊಡುಗೆಯ ಊಟದಲ್ಲಿ ಅವನು “ಇದನ್ನ ಯಾರು ತಗೋತೀರಿ?” ಎಂದು ಕೇಳಿದ. ನನ್ನ ಹೆಂಡತಿ ಇಪ್ಪತ್ತು ಜನರ ಎದುರು ಹೆಮ್ಮೆಯಿಂದ, “ನಮ್ಮನಿಯವರಿಗೆ ನೀರಂದ್ರ ಜೀವ. ನಾಲ್ಯಾಗ ಈಜಿ ಬೆಳದವರು” ಎಂದಳು. ಇಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ನಾನು ಪಾಯಸದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ದೋಣಿಯ ಒಡೆಯನಾದೆ.

ಅಲ್ಲಿಂದ ನನ್ನ ಶನಿವಾರಗಳು ಹೋದವು. ಕಾರಿನ ಹಿಂದೆ ಟ್ರೇಲರು, ಟ್ರೇಲರಿನ ಮೇಲೆ ದೋಣಿ, ಡಂಬಾರ್ಟನ್ ಸೇತುವೆ ದಾಟಿ ರೆಡ್‌ವುಡ್ ಸಿಟಿಯ ಇಳಿಜಾರಿನಲ್ಲಿ ಅದನ್ನು ನೀರಿಗಿಳಿಸುವುದು, ಮಧ್ಯಾಹ್ನದವರೆಗೆ ಜಲವಿಹಾರ. ನಾನು ಒಂದು ಕೈಯಲ್ಲಿ ಚಕ್ರವನ್ನೂ ಇನ್ನೊಂದು ಕೈಯಲ್ಲಿ ಕಂಬಿಯನ್ನೂ ಹಿಡಿದು, ಮುಖದಲ್ಲಿ ನೌಕಾಧಿಪತಿಯ ಗಾಂಭೀರ್ಯ ತಂದುಕೊಂಡು, ಮನಸ್ಸಿನಲ್ಲಿ ಮನೆದೇವರನ್ನು ಕರೆಯುತ್ತಿದ್ದೆ. ನಿವೇದಿತಾ ಪೆಟ್ರೋಲು ವಾಸನೆಗೆ ಮೂಗಿನ ಮೇಲೆ ದುಪ್ಪಟ್ಟಾ ಹಿಡಿದುಕೊಂಡು ನನಗೋಸ್ಕರ ನಗುತ್ತಾ ಕೂರುತ್ತಿದ್ದಳು. ನನಗೆ ಬೇಕಾಗಿದ್ದುದು ಒಂದೇ: ಈಜು ಬರುವುದಿಲ್ಲ ಎಂದು ಬಾಯಿ ಬಿಡದೆ ಈ ದೋಣಿಯಿಂದ ಪಾರಾಗಬೇಕು.

ಆಗಸ್ಟಿನಲ್ಲಿ ದೇವರು ಕಣ್ಣು ಬಿಟ್ಟ. ದೋಣಿಯಲ್ಲಿ ಕೈಹಿಡಿಯೊಂದಿದೆ. ಮುಂದಕ್ಕೆ ಒತ್ತಿದರೆ ದೋಣಿ ಮುಂದಕ್ಕೆ, ಹಿಂದಕ್ಕೆ ಎಳೆದರೆ ಹಿಂದಕ್ಕೆ, ನಡುವೆ ಬಿಟ್ಟರೆ ನ್ಯೂಟ್ರಲ್ಲು. ಆ ಕೈಹಿಡಿಯಿಂದ ಹಿಂದಿನ ಎಂಜಿನ್ನಿಗೆ, ನೆಲದ ಅಡಿಯಲ್ಲೇ, ಸೈಕಲ್ಲಿನ ಬ್ರೇಕ್ ವೈರಿನಂಥ ಒಂದು ದಪ್ಪ ಕೇಬಲ್ಲು ಹೋಗುತ್ತದೆ. ಅಂದು ದಡದಿಂದ ಅರ್ಧ ಮೈಲಿ ದೂರದಲ್ಲಿ ಕೈಹಿಡಿ ಒತ್ತಿದೆ. ಅದು ಬೆಣ್ಣೆಯಲ್ಲಿ ಕೈಯಿಟ್ಟಂತೆ ಸಲೀಸಾಗಿ ಹೋಯಿತು, ದೋಣಿ ಕದಲಲಿಲ್ಲ. ಕೇಬಲ್ಲಿನ ಕವಚದೊಳಗಿನ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಮೀನು ಹಿಡಿಯಲು ಬಂದಿದ್ದ ಪುಣ್ಯಾತ್ಮನೊಬ್ಬ ಹಗ್ಗ ಕಟ್ಟಿ ನಮ್ಮನ್ನು ದಡಕ್ಕೆ ಎಳೆದು ತಂದ. ನೆಲಕ್ಕೆ ಕಾಲಿಟ್ಟಾಗ ನನ್ನ ಕಣ್ಣಲ್ಲಿ ಧಾರಾಕಾರವಾಗಿ ಆನಂದಬಾಷ್ಪ ಸುರಿಯಿತು.

ಮನೆಗೆ ಬಂದವನೇ ಘೋಷಿಸಿದೆ. “ಶಿಫ್ಟ್ ಕೇಬಲ್ ಹೋದ್ರೆ ದೋಣಿಯ ನರಾನೇ ಹೋದ ಹಾಗೆ ಕಣೇ. ಇದು ನಮ್ಮಂಥೋರ ಕೈಲಾಗೋ ಕೆಲಸ ಅಲ್ಲ. ಮೆಕ್ಯಾನಿಕ್‌ಗೆ ಮೂರು ತಿಂಗಳು ಕಾಯಬೇಕು. ಹೇಗಿದೆಯೋ ಹಾಗೇ ಕೊಟ್ಟುಬಿಡೋಣ.”

ನಿವೇದಿತಾ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪ್ರಿಂಟರು ಗರಗರ ಅನ್ನತೊಡಗಿತು. ಅವಳು ಎಂಜಿನ್ನಿನ ಕೈಪಿಡಿಯನ್ನು, ತೊಂಬತ್ತಾರು ಪುಟ, ಅಚ್ಚು ಹಾಕುತ್ತಿದ್ದಳು.

“ಏನೇ ಇದು?”

“ನಾನ ಹಾಕ್ತೀನಿ ಕೇಬಲ್ಲು.”

“ನಿಂಗೆ ಆ ದೋಣಿ ಕಂಡ್ರೇ ಆಗಲ್ವಲ್ಲೇ!”

“ಆಗಂಗಿಲ್ಲ, ಖರೆ. ಆದ್ರ ಇವತ್ತ ದಂಡಿಮ್ಯಾಲೆ ನೀವು ಅತ್ತಿದ್ದು ನಾ ನೋಡೀನ್ರೀ. ಹದಿನೈದು ವರ್ಷದಾಗ ನಿಮ್ಮ ಕಣ್ಣಾಗ ನೀರು ನೋಡಿದ್ದು ಇದ ಮೊದಲು. ನಿಮ್ಮ ಸಂಬಂಧ ನಾ ಅದನ್ನ ರಿಪೇರಿ ಮಾಡೇ ಮಾಡ್ತೀನಿ.”

ಇಂಥ ಹೆಂಡತಿಗೆ ಏನು ಹೇಳುತ್ತೀರಿ? ಪ್ರೀತಿ ಉಕ್ಕಿ ಬಂತು, ಜೊತೆಗೆ ಮುಂದಿನ ಶನಿವಾರಗಳೂ ನೆನಪಿಗೆ ಬಂದವು.

ಆ ಹೊತ್ತಿಗೆ ನಮ್ಮ ಅತ್ತೆ ಬಂಗಾರೆವ್ವ ಆರು ತಿಂಗಳಿಗೆಂದು ಹುಬ್ಬಳ್ಳಿಯಿಂದ ಬಂದಿದ್ದರು. ಮೂವತ್ತು ವರ್ಷ ಟೇಲರಿಂಗ್ ಕ್ಲಾಸು ನಡೆಸಿದವರು. ಅವರೆದುರು ಮಡಿಕೆ ಮುದುರಿದ ಷರಟು ಹಾಕಿಕೊಂಡು ನಿಲ್ಲಲು ನನಗೆ ಈಗಲೂ ಧೈರ್ಯವಿಲ್ಲ. ಹೊಸ ಕೇಬಲ್ಲು ತರಿಸಬೇಕಾದರೆ ಉದ್ದ ಗೊತ್ತಿರಬೇಕು. ನಾನು ಲ್ಯಾಪ್‌ಟಾಪು ತೆರೆದು, ದೋಣಿಯ ಉದ್ದ, ಅಗಲ, ಬಾಗು, ತಿರುವುಗಳನ್ನೆಲ್ಲ ಹಾಕಿ ಲೆಕ್ಕಕ್ಕೆ ಕೂತೆ. ಉತ್ತರ ಮೊದಲ ಸಲ ಒಂಬತ್ತು ಅಡಿ ಬಂತು, ಎರಡನೇ ಸಲ ಇಪ್ಪತ್ತಮೂರು. ಅತ್ತೆ ಟ್ರೇಲರಿನ ಮೇಲೆ ನಿಂತ ದೋಣಿಗೆ ಏಣಿ ಹಾಕಿಸಿಕೊಂಡು ಹತ್ತಿ, ಮೊಳಕೈಯಿಂದ ಅಳೆಯುತ್ತಾ ಮುಂದಿನಿಂದ ಹಿಂದಕ್ಕೆ ಒಮ್ಮೆ ನಡೆದರು.

“ಹತ್ತೂವರಿ ಮೊಳ. ಮ್ಯಾಲೊಂದು ಗೇಣು ಇರ್ಲಿ. ಬಟ್ಟಿ ಆಗ್ಲಿ ದಾರ ಆಗ್ಲಿ, ಬಿಗೀ ತರಬಾರದು.”

ನಿವೇದಿತಾ ಹಳೇ ಕೇಬಲ್ಲಿನ ತುದಿಯನ್ನು ಒರೆಸಿ ನೋಡಿದಳು. ಅಲ್ಲಿ ಅಚ್ಚಾಗಿದ್ದ ಅಳತೆ ಹದಿನಾರು ಅಡಿ. ನಾನು ಹದಿನಾರು ಅಡಿಯನ್ನು ಮೊಳಕ್ಕೆ ಪರಿವರ್ತಿಸಿ, ಹತ್ತೂವರೆ ಚಿಲ್ಲರೆ ಬಂದದ್ದು ನೋಡಿ, ಲ್ಯಾಪ್‌ಟಾಪನ್ನು ಸದ್ದಿಲ್ಲದೆ ಮುಚ್ಚಿದೆ.

ಕೇಬಲ್ಲು ಬಂದ ಶನಿವಾರ ಶಸ್ತ್ರಚಿಕಿತ್ಸೆ. ನನಗೆ ಕೊಟ್ಟ ಹುದ್ದೆ ಟಾರ್ಚು ಹಿಡಿಯುವುದು. ನಿವೇದಿತಾ ತಲೆಗೂದಲಿಗೆ ಪೆನ್ಸಿಲು ಸಿಕ್ಕಿಸಿ ಗಂಟು ಹಾಕಿಕೊಂಡು, ಚಕ್ರದ ಅಡಿಯ ಗೂಡಿನಲ್ಲಿ ಅಂಗಾತ ಮಲಗಿ, ಕೈಹಿಡಿಯ ಪೆಟ್ಟಿಗೆಯನ್ನು ಬಿಚ್ಚಿದಳು. ಬಿಚ್ಚಿದ ಪ್ರತಿಯೊಂದು ತಿರುಪನ್ನೂ ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಇಟ್ಟಳು, ಬಿಚ್ಚಿದ ಕ್ರಮದಲ್ಲೇ. ನಾನು ನನ್ನ ಜೀವಮಾನದಲ್ಲಿ ಬಿಚ್ಚಿದ ಯಾವ ವಸ್ತುವನ್ನು ಜೋಡಿಸಿದರೂ ಎರಡು ತಿರುಪು ಉಳಿದಿವೆ. ಇಡ್ಲಿ ತಟ್ಟೆಯ ಈ ಉಪಯೋಗ ನನಗೆ ಯಾಕೆ ಹೊಳೆಯಲಿಲ್ಲ ಎಂದು ಟಾರ್ಚು ಹಿಡಿದುಕೊಂಡೇ ಬೆರಗಾದೆ.

“ರೀ, ಬೆಳಕು ಇಲ್ಲಿ. ನನ್ನ ಮಾರಿ ಏನ್ ನೋಡ್ತೀರಿ?”

ಇನ್ನು ಹಳೇ ಕೇಬಲ್ಲು ಹೊರಗೆಳೆದು ಹೊಸದನ್ನು ನೆಲದಡಿಯಲ್ಲಿ ತೂರಿಸಬೇಕು. ನಾನು ಹಿಂದೆ ಹೋಗಿ ಹಳೆಯದರ ತುದಿ ಹಿಡಿದು ಎಳೆಯಲು ಕೈಹಾಕಿದೆ.

“ಏ ಅಳಿಯಂದ್ರ, ಬಿಡ್ರಿ! ಕೈ ಬಿಡ್ರಿ!” ಎಂದು ಅತ್ತೆ ಕೂಗಿದರು. ನಾನು ಕರೆಂಟು ಹೊಡೆದವನಂತೆ ಬಿಟ್ಟೆ. “ಇದು ಲಂಗದಾಗ ಲಾಡಿ ಏರಿಸಿದಂಗ ಐತಿ. ಹಳೇ ಲಾಡಿ ಪೂರಾ ತಗದಬಿಟ್ರ ಹೊಸಾದು ಹಾದಿ ಹೆಂಗ ಹುಡುಕಬೇಕು? ಹಳೇದರ ಬಾಲಕ್ಕ ಹೊಸಾದರ ತಲಿ ಕಟ್ರಿ. ಅದನ್ನ ಎಳದಂಗ ಇದು ತಾನ ಬರ್ತೈತಿ.”

ನಿವೇದಿತಾ ಕೈಪಿಡಿಯ ನಲವತ್ತಮೂರನೇ ಪುಟ ತೆರೆದು ತೋರಿಸಿದಳು. ಅಲ್ಲಿ ಇದೇ ವಿಧಾನ ಬರೆದಿತ್ತು, ಲಂಗವೊಂದಿರಲಿಲ್ಲ.

ಎರಡೂ ತುದಿಗಳನ್ನು ಟೇಪಿನಿಂದ ಸುತ್ತಿದರು. ಅತ್ತೆ ಮುಂದೆ ಕೂತು ತಳ್ಳಿದರು, ನಿವೇದಿತಾ ಹಿಂದೆ ನಿಂತು ಎಳೆದಳು. “ಎಳಿ!” “ತಡಿ!” “ಹಾಂ, ಎಳಿ!” ಒಂದು ಕಡೆ ಕೇಬಲ್ಲು ಹಟ ಹಿಡಿದು ನಿಂತಿತು. ಅತ್ತೆ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ, ಸೂಜಿಗೆ ದಾರ ತಿರುಗಿಸುವ ಹಾಗೆ ಬೆರಳಲ್ಲಿ ಅದನ್ನೊಂದು ಸುತ್ತು ತಿರುಗಿಸಿ “ಈಗ ಎಳಿ” ಎಂದರು. ಕಪ್ಪು ಹಾವಿನ ಬಾಲ ಹಿಡಿದು ಬಂದ ಕೆಂಪು ಹಾವಿನಂತೆ ಹೊಸ ಕೇಬಲ್ಲು ಎಂಜಿನ್ನಿನ ಪಕ್ಕದಲ್ಲಿ ತಲೆಯೆತ್ತಿತು. ನಿಸರ್ಗಾ ಕುಣಿದಾಡಿಬಿಟ್ಟಳು. “ಅಜ್ಜಿ, ದಟ್ ವಾಸ್ ಇನ್ಸೇನ್!”

“ಏನಂತೈತಿ ಕೂಸು?” ಎಂದರು ಅತ್ತೆ.

“ನಿಮ್ಮನ್ನ ಹೊಗಳ್ತಿದ್ದಾಳೆ ಅತ್ತೆ” ಎಂದೆ. ನಾನೂ ಹೊಗಳುತ್ತಿದ್ದೆ, ಮನಸಾರೆ. ದೋಣಿ ರಿಪೇರಿಯಾಗುತ್ತಿದೆ ಎಂಬ ದುಃಖವನ್ನೂ ಆ ಎರಡು ಜೊತೆ ಕೈಗಳ ಕೆಲಸ ಮರೆಸಿಬಿಟ್ಟಿತ್ತು.

ಕೊನೆಗೆ ಕೇಬಲ್ಲಿನ ತುದಿಯ ಹಿತ್ತಾಳೆಯ ತಿರುಪನ್ನು ಅರ್ಧರ್ಧ ಸುತ್ತು ತಿರುಗಿಸಿ, ಕೈಹಿಡಿ ನಡುವೆ ಇದ್ದಾಗ ಎಂಜಿನ್ನಿನ ಗೇರೂ ಸರಿಯಾಗಿ ನಡುವೆ ಬರುವಂತೆ ಕೂರಿಸಬೇಕು. ನಿವೇದಿತಾ ಉಸಿರು ಬಿಗಿಹಿಡಿದು ಹನ್ನೊಂದು ಸಲ ಕೂರಿಸಿ, ಹನ್ನೊಂದು ಸಲ ಬಿಚ್ಚಿ, ಹನ್ನೆರಡನೇ ಸಲ ನಕ್ಕಳು. ಎಂಜಿನ್ನಿನ ಬುಡದಲ್ಲಿ ನೀರು ಹೀರುವ ಕಿಂಡಿಗಳಿಗೆ ಎರಡು ರಬ್ಬರ್ ಬಟ್ಟಲು ಸಿಕ್ಕಿಸಿ, ತೋಟದ ಪೈಪಿನಿಂದ ನೀರು ಬಿಟ್ಟು, ಕೀಲಿ ತಿರುಗಿಸಿದಳು. ಕೈಹಿಡಿ ಮುಂದಕ್ಕೆ ಒತ್ತಿದಾಗ ಎಲ್ಲೋ ಒಳಗೆ ‘ಟಕ್’ ಎಂದಿತು. ಪ್ರೊಪೆಲ್ಲರು ತಿರುಗಿತು. ಅವಳ ಮೂಗಿನ ಮೇಲೆ ಗ್ರೀಸು ಮೆತ್ತಿತ್ತು, ದುಪ್ಪಟ್ಟಾ ಎಲ್ಲೋ ಬಿದ್ದಿತ್ತು, ಪೆಟ್ರೋಲು ವಾಸನೆ ಘಮ್ಮೆನ್ನುತ್ತಿತ್ತು. ಅವಳು ಅದನ್ನು ಗಮನಿಸಿದ ಹಾಗೇ ಕಾಣಲಿಲ್ಲ.

“ಮುಂದಿನ ಶನಿವಾರ ನೀರಿಗಿಳಿಸೋಣ್ರೀ!”

ನನ್ನ ತಲೆ ಮಿಂಚಿನ ವೇಗದಲ್ಲಿ ಓಡಿತು. ಕೈಪಿಡಿಯ ಹಿಂಬದಿಯಲ್ಲಿ ಒಂದು ಅಧ್ಯಾಯ ಕಂಡಿದ್ದೆ: ಚಳಿಗಾಲಕ್ಕೆ ಎಂಜಿನ್ನನ್ನು ಮಲಗಿಸುವುದು ಹೇಗೆ. ಅದಕ್ಕೆ ವಿಂಟರೈಸ್ ಮಾಡುವುದು ಎನ್ನುತ್ತಾರೆ. ಒಮ್ಮೆ ಮಲಗಿಸಿದರೆ ಏಪ್ರಿಲಿನವರೆಗೆ ಎಬ್ಬಿಸುವ ಹಾಗಿಲ್ಲ.

“ಬೇಡ ಬೇಡ, ಚಳಿಗಾಲ ಬಂದೇಬಿಡ್ತು. ಹೊಸ ಕೇಬಲ್ಲು ಬೇರೆ, ರಿಸ್ಕು. ನಾನು ವಿಂಟರೈಸ್ ಮಾಡ್ತೀನಿ, ನೀನು ರೆಸ್ಟ್ ತಗೋ” ಎಂದೆ. ಆಗ ಸೆಪ್ಟೆಂಬರು ಕೊನೆ. ಹೊರಗೆ ಬೆವರು ಕಿತ್ತು ಬರುವ ಬಿಸಿಲು. ಪಕ್ಕದ ಮನೆಯ ಅಮೆರಿಕನ್ ತಾತ ಚಡ್ಡಿಯಲ್ಲಿ ನಿಂತು ಗಿಡಗಳಿಗೆ ನೀರು ಬಿಡುತ್ತಿದ್ದ.

ನಾನು ನನ್ನ ಜೀವನದಲ್ಲಿ ಯಾವ ಕೆಲಸವನ್ನೂ ಅಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ. ಪೆಟ್ರೋಲು ಕೆಡದಂತೆ ಅದಕ್ಕೆ ಔಷಧಿ ಬೆರೆಸಿದೆ. ಗೇರಿನ ಹಳೇ ಎಣ್ಣೆ ಬಸಿದು ಹೊಸದು ತುಂಬಿದೆ. ಪೈಪಿನ ನೀರು ಬಿಟ್ಟು ಎಂಜಿನ್ ಓಡಿಸಿ, ಅದರ ಬಾಯಿಗೆ ಮಂಜಿನಂಥ ಎಣ್ಣೆ ಸಿಂಪಡಿಸಿದೆ. ಅದು ಒಳಗೆಲ್ಲ ಹರಡಿ ತುಕ್ಕು ಹಿಡಿಯದಂತೆ ಕಾಯುತ್ತದಂತೆ. ಬಿಳಿ ಹೊಗೆ ಎದ್ದು ಇಡೀ ಬೀದಿ ತುಂಬಿತು. ಎಂಜಿನ್ನು ಕೆಮ್ಮಿ, ಗೊರಕೆ ಹೊಡೆದು, ಸುಮ್ಮನಾಯಿತು. ಹೊಗೆಯೊಳಗಿನಿಂದ ತಾತ ಕೇಳಿದ, ಈ ಊರಲ್ಲಿ ನೀರು ಹೆಪ್ಪುಗಟ್ಟುವುದೇ ಇಲ್ಲವಲ್ಲ, ಇದೆಲ್ಲ ಯಾಕೆ ಎಂದು. ಹುಷಾರಾಗಿರುವುದು ಒಳ್ಳೆಯದು ಎಂದೆ. ಬ್ಯಾಟರಿ ಕಳಚಿ ಒಳಗಿಟ್ಟೆ, ದೋಣಿಗೆ ಮುಸುಕು ಹೊದಿಸಿ ನಾಲ್ಕು ಕಡೆ ಕಟ್ಟಿದೆ. ಆರು ತಿಂಗಳ ಶನಿವಾರಗಳು ನನ್ನವಾದವು.

ಎರಡು ವಾರ ಸುಖವಾಗಿದ್ದೆ.

ನಮ್ಮಲ್ಲಿ ಹಬ್ಬಗಳು ಪಂಚಾಂಗದಲ್ಲಿ ಯಾವ ವಾರ ಬಂದರೂ ಮನೆಗೆ ಶನಿವಾರವೇ ಬರುತ್ತವೆ. ನಾವು ಮಂಡ್ಯದವರು ಆಯುಧಪೂಜೆ ಎನ್ನುವುದನ್ನು ಅತ್ತೆ ಖಂಡೇನವಮಿ ಎನ್ನುತ್ತಾರೆ. ಅಂದು ಬೆಳಿಗ್ಗೆ ಈಳಿಗೆಮಣೆ, ಕುಕ್ಕರು, ಮೂರು ಲ್ಯಾಪ್‌ಟಾಪು, ನಿಸರ್ಗಾಳ ಪಿಟೀಲು, ಎಲ್ಲಕ್ಕೂ ವಿಭೂತಿ ಕುಂಕುಮ ಬಿದ್ದವು. ಕಾರು ನಿಂಬೆಹಣ್ಣಿನ ಮೇಲೆ ಹಾದು ಪಾವನವಾಯಿತು. ಆಮೇಲೆ ಅತ್ತೆ ಆರತಿ ತಟ್ಟೆ ಹಿಡಿದುಕೊಂಡು ದೋಣಿಯ ಕಡೆ ನಡೆದರು.

“ಮುಸುಕು ತಗೀರಿ ಅಳಿಯಂದ್ರ.”

ತೆಗೆದೆ. ಎಂಜಿನ್ನಿಗೆ ಮೂರು ಬೆರಳಿನ ವಿಭೂತಿ ಎಳೆದರು, ಚೆಂಡುಹೂವಿನ ಮಾಲೆ ಹಾಕಿದರು, ಆರತಿ ಬೆಳಗಿದರು. ಬೂದುಗುಂಬಳಕಾಯಿಯೂ ಒಡೆಯಿತು. ನಾನು ಭಕ್ತಿಯಿಂದ ಕೈಮುಗಿದೆ.

“ಚಾಲೂ ಮಾಡ್ರಿ.”

“ಅತ್ತೆ, ಅದನ್ನ ಮಲಗಿಸಿದ್ದೀವಿ. ಏಪ್ರಿಲ್‌ವರೆಗೆ ಎಬ್ಬಿಸೋ ಹಾಗಿಲ್ಲ.”

“ಖಂಡೇನವಮಿ ದಿನ ಮಲಗಿದ್ದಕ್ಕ ಪೂಜಿ ಮಾಡ್ತಾರೇನ್ರಿ? ಪೂಜಿ ಆದಮ್ಯಾಲೆ ಗಾಡಿ ಚಾಲೂ ಆಗಬೇಕು, ನಿಂಬಿಹಣ್ಣಿನ ಮ್ಯಾಲೆ ಮುಂದಕ್ಕ ಹೋಗಬೇಕು. ಇಲ್ಲಂದ್ರ ವರ್ಷಪೂರ್ತಿ ನಿಂತ ನೀರು.”

ನಿವೇದಿತಾ ಆಗಲೇ ಬ್ಯಾಟರಿ ತರಲು ಒಳಗೆ ಓಡಿದ್ದಳು. ನಾನು ಕೊನೆಯ ಅಸ್ತ್ರ ಬಿಟ್ಟೆ. “ಹಾಗಾದ್ರೆ ಟ್ರೇಲರನ್ನ ಕಾರಿಗೆ ಕಟ್ಟಿ ನಿಂಬೆಹಣ್ಣಿನ ಮೇಲೆ ಎಳೆದುಬಿಡ್ತೀನಿ. ಮುಂದಕ್ಕೆ ಹೋದ ಹಾಗಾಯ್ತಲ್ಲ?”

“ಅದು ಕಾರು ಹೋದಂಗಾತು. ಕೂಸಿನ್ನ ಎತ್ತಿಕೊಂಡು ಓಡಿದ್ರ ಕೂಸು ಓಡಿದಂಗ ಆತೇನು?”

ಈ ತರ್ಕಕ್ಕೆ ನಿಮ್ಮ ಬಳಿ ಉತ್ತರವಿದ್ದರೆ ತಿಳಿಸಿ. ದೋಣಿ ತನ್ನ ಶಕ್ತಿಯಿಂದ ಮುಂದೆ ಹೋಗಬೇಕಾದರೆ ಅದು ನೀರಿನಲ್ಲೇ ಆಗಬೇಕು. ಹನ್ನೊಂದು ಗಂಟೆಗೆ ನಾವು ಮಾಲೆ ಹಾಕಿದ ದೋಣಿಯನ್ನು ಎಳೆದುಕೊಂಡು ಡಂಬಾರ್ಟನ್ ಸೇತುವೆ ದಾಟುತ್ತಿದ್ದೆವು. ಅತ್ತೆ ಇಳಕಲ್ ಸೀರೆಯುಟ್ಟು ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಐದು ನಿಂಬೆಹಣ್ಣು.

ದೋಣಿ ನೀರಿಗಿಳಿಯಿತು. ನಾನು ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತೆ. ಅತ್ತೆಯೂ ನಿಸರ್ಗಾಳೂ ದೋಣಿ ಹತ್ತಿದರು, ನಿವೇದಿತಾ ಚಕ್ರದ ಮುಂದೆ ಕೂತು ಕೀಲಿ ತಿರುಗಿಸಿದಳು. ನಾನು ಮಲಗಿಸಿದ ಎಂಜಿನ್ನು ಒಂದು ಮೋಡದಷ್ಟು ಬಿಳಿ ಹೊಗೆ ಉಗುಳಿ ಎದ್ದು ಕೂತಿತು. ನಿಸರ್ಗಾ ದೋಣಿಯ ಮೂತಿಯ ಮುಂದೆ ನೀರಿಗೆ ನಿಂಬೆಹಣ್ಣು ಬಿಟ್ಟಳು. ಹಳದಿಯಾಗಿ ತೇಲುತ್ತಾ ಅವು ಸಾಲಾಗಿ ನಿಂತವು. ಎಲ್ಲರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟಿದ್ದೆವು. ಅತ್ತೆ ಮಾತ್ರ ತಮ್ಮದರ ಪಟ್ಟಿ ಬಿಚ್ಚಿ, ತೆಗೆದು, ಸೀಟಿನ ಮೇಲೆ ಮಡಿಸಿ ಇಟ್ಟರು.

“ಅವ್ವಾ, ಹಾಕ್ಕೋ ಅದನ್ನ!”

“ಸೆರಗು ನಿಲ್ಲವಲ್ದು. ನನಗ್ಯಾತರ ಅಂಜಿಕಿ? ನಾಲಿ ಈಜಿದ ಅಳಿಯಂದ್ರು ಜೋಡಿ ಅದಾರ. ಬಿದ್ರ ಹಿಡದ ಎತ್ತತಾರ. ಏನ್ರಿ ಅಳಿಯಂದ್ರ?”

ಅವರು ನನ್ನ ಕಡೆ ನೋಡಿ ನಕ್ಕರು. ಆ ನಗುವಿನಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ನಾನು ಆ ಹಸಿರು ನೀರು ನೋಡಿದೆ, ಮಡಿಸಿಟ್ಟ ಜಾಕೆಟ್ಟು ನೋಡಿದೆ. ಅರವತ್ತೆಂಟು ವರ್ಷದ ಜೀವವೊಂದು ನನ್ನ ಸುಳ್ಳನ್ನೇ ತೊಟ್ಟುಕೊಂಡು ಹೊರಟಿತ್ತು.

“ಅತ್ತೆ, ಜಾಕೆಟ್ ಹಾಕ್ಕೊಳ್ಳಿ” ಎಂದೆ. “ನನಗೆ ಈಜು ಬರಲ್ಲ.”

ನಿವೇದಿತಾ ಚಕ್ರದ ಮೇಲಿನ ಕೈ ತೆಗೆದಳು.

“ವಾಟ್?” ಎಂದಳು ನಿಸರ್ಗಾ.

“ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ನಾಲೆಗೆ ಕಾಲೂ ಇಳಿಬಿಟ್ಟೋನಲ್ಲ. ನೀರು ಕಂಡ್ರೆ ಭಯ ನಂಗೆ. ಕೇಬಲ್ಲು ಕಿತ್ತುಹೋದ ದಿನ ಅತ್ತಿದ್ದು ಖುಷಿಗೆ.”

ನಿವೇದಿತಾ ನನ್ನನ್ನೇ ನೋಡಿದಳು. ಹುಡುಕಿ ಹುಡುಕಿ ಸಿಗದಿದ್ದ ದೊಡ್ಡ ತಪ್ಪೊಂದು ತಾನಾಗಿಯೇ ಎದ್ದು ಬಂದು ಹೆಸರು ಹೇಳಿಕೊಂಡಾಗ ಆಫೀಸಿನಲ್ಲಿ ಅವಳ ಮುಖ ಹೀಗೇ ಆಗುತ್ತಿರಬೇಕು. ಆಮೇಲೆ ಎದ್ದು ತಾಯಿಗೆ ಜಾಕೆಟ್ಟು ತೊಡಿಸಿ, ಪಟ್ಟಿ ಬಿಗಿದಳು.

“ಖುಷಿಗೆ” ಎಂದಳು ನಿಧಾನವಾಗಿ. “ನಾ ಹನ್ನೊಂದು ಸಲ ಬಿಚ್ಚಿ ಹಾಕೀನಿ. ನನ್ನ ಉಗುರು ನೋಡ್ರಿ.”

“ತಪ್ಪಾಯ್ತು ಕಣೇ. ಮಾರಿಬಿಡೋಣ. ನಿಂಗೂ ಇದು ಇಷ್ಟ ಇಲ್ವಲ್ಲ?”

“ಇರ್ಲಿಲ್ಲ” ಎಂದಳು. “ಹಗ್ಗ ಬಿಡ್ರಿ.”

ಬಿಟ್ಟೆ. ಅವಳು ಕೈಹಿಡಿಯನ್ನು ಮುಂದಕ್ಕೆ ಒತ್ತಿದಳು. ಕಟ್ಟೆಯ ಮೇಲಿದ್ದ ನನಗೂ ಆ ‘ಟಕ್’ ಕೇಳಿಸಿತು. ದೋಣಿ ಮುಂದಕ್ಕೆ, ನೇರವಾಗಿ, ಒಂದಿಷ್ಟೂ ಅಳುಕದೆ, ನಿಂಬೆಹಣ್ಣುಗಳ ಮೇಲೆ ಹಾದುಹೋಯಿತು. ಅತ್ತೆ ಎರಡೂ ಕೈಯೆತ್ತಿ ಮುಗಿದರು. ನಿಸರ್ಗಾ ಕಿರುಚಿದಳು. ಕಾಲುವೆ ದಾಟಿ ಕೊಲ್ಲಿ ತೆರೆದುಕೊಂಡಲ್ಲಿ ನಿವೇದಿತಾ ವೇಗ ಹೆಚ್ಚಿಸಿದಳು. ನೀರು ಎರಡು ಪಾಲಾಗಿ ಬೆಳ್ಳಗೆ ಎದ್ದಿತು. ಆಚೆ ದಡದ ಬೆಟ್ಟಗಳು ಬಂಗಾರದ ಬಣ್ಣಕ್ಕಿದ್ದವು, ಕೊಕ್ಕರೆಗಳ ಹಿಂಡೊಂದು ದೋಣಿಯ ಜೊತೆಗೇ ಹಾರಿತು, ಇಳಕಲ್ ಸೆರಗು ಬಾವುಟದ ಹಾಗೆ ಬಿಚ್ಚಿಕೊಂಡಿತು. ಒಂದು ವರ್ಷ ಪ್ರತಿ ಶನಿವಾರ ನಾನು ಅದೇ ನೀರಿನ ಮೇಲೆ ಹೋಗಿದ್ದೇನೆ. ಕಂಬಿ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಇಷ್ಟು ಚೆಂದವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಬಯಸಿದ್ದು ನನಗೆ ಪೂರ್ತಿ ಸಿಕ್ಕಿತ್ತು. ಗಟ್ಟಿ ನೆಲದ ಮೇಲೆ ನಿಂತಿದ್ದೆ, ದೋಣಿ ನನ್ನಿಂದ ದೂರ ಹೋಗುತ್ತಿತ್ತು. ಆದರೆ ಕಟ್ಟೆಯ ತುದಿಯವರೆಗೆ ಓಡಿ, “ಏಯ್, ನನ್ನೂ ಕರ್ಕೊಂಡು ಹೋಗ್ರೇ!” ಎಂದು ಕೂಗಿಬಿಟ್ಟೆ. ಯಾರಿಗೂ ಕೇಳಿಸಲಿಲ್ಲ. ಕಟ್ಟೆಯ ಮೇಲೆ ಗಾಳ ಹಾಕಿ ಕೂತಿದ್ದವನೊಬ್ಬ ಜಾಗ ಬಿಟ್ಟು ಸ್ವಲ್ಪ ಆಚೆ ಕೂತ.

ಒಂದು ಗಂಟೆಯ ಮೇಲೆ ಮೂವರೂ ತಲೆ ಕೆದರಿಕೊಂಡು, ಕೆನ್ನೆ ಕೆಂಪಾಗಿಸಿಕೊಂಡು ಮರಳಿದರು. ನಾನು ಓಡಿಹೋಗಿ ಹಗ್ಗ ಹಿಡಿದೆ. “ಇನ್ನೊಂದು ರೌಂಡು ಹೋಗೋಣ್ವಾ? ನಾನೂ ಬರ್ತೀನಿ” ಎಂದೆ.

“ಬರ್ರಿ” ಎಂದಳು ನನ್ನ ಹೆಂಡತಿ, “ಈಜು ಕಲ್ತ ಮ್ಯಾಲೆ.”

ಹಾಗಾಗಿ ಈಗ ಪ್ರತಿ ಶನಿವಾರ ಬೆಳಿಗ್ಗೆ ಅವರು ಮೂವರು ಕೊಲ್ಲಿಗೆ, ನಾನು ಊರಿನ ಈಜುಕೊಳಕ್ಕೆ. ಇಲ್ಲಿ ಹಿಮ ಬೀಳುವುದಿಲ್ಲ, ಎಂಜಿನ್ ಮಲಗಿಸುವ ಅಗತ್ಯವೇ ಇಲ್ಲ ಎಂದು ನಿವೇದಿತಾ ತಾತನನ್ನು ಕೇಳಿ ಖಚಿತಪಡಿಸಿಕೊಂಡಿದ್ದಾಳೆ. ಕೊಳದಲ್ಲಿ ದೊಡ್ಡವರ ತರಗತಿ ಭರ್ತಿಯಾಗಿತ್ತು, ಆದ್ದರಿಂದ ನನ್ನನ್ನು ಗೊದಮೊಟ್ಟೆ ಎಂಬ ಹೆಸರಿನ ತರಗತಿಗೆ ಸೇರಿಸಿಕೊಂಡರು. ಅಲ್ಲಿ ಎಲ್ಲರಿಗೂ ಐದಾರು ವರ್ಷ. ನನ್ನ ಪಕ್ಕದಲ್ಲಿ ನಿಲ್ಲುವವಳು ಹಂಸಾ ಎಂಬ ಪುಟಾಣಿ. ಮೊದಲ ದಿನ ಅವಳೇ ನನ್ನ ಕೈ ಹಿಡಿದು, “ಡೋಂಟ್ ಬಿ ಸ್ಕೇರ್ಡ್, ಅಂಕಲ್” ಎಂದು ಧೈರ್ಯ ಹೇಳಿ ನೀರಿಗೆ ಇಳಿಸಿದಳು.

ಹೋದ ಶನಿವಾರ ಪರೀಕ್ಷೆ ಇತ್ತು. ಹಂಸಾ ಪಾಸಾಗಿ ಕಪ್ಪೆ ತರಗತಿಗೆ ಹೋದಳು. ನಾನು ಇನ್ನೂ ಗೊದಮೊಟ್ಟೆಯಲ್ಲೇ ಇದ್ದೇನೆ.